ಸರ್ವಾನುಮತ ಕೆಡಿಸಿದ ಮೆಂಬರಮ್ಮ

ಮೆಂಬರಮ್ಮನ ಬಲಗೈ ಹೆಬ್ಬೆರಳಿನ ಉಗುರು ಎಂದೋ ಕುಡುಗೋಲಿಗೆ ಸಿಕ್ಕಿ ಎರಡು ಹೋಳಾಗಿತ್ತು. ಆ ಕೈಯಲ್ಲಿ ಪೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆದರೂ ಮಹಿಳಾ ಮೀಸಲಾತಿಯಲ್ಲಿ ಗೆದ್ದು ತಾಲ್ಲೂಕು ಪಂಚಾಯಿತಿ ಸೇರಿದ ವಾರವೇ, ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರಾದ ನನ್ನಿಂದ ರುಜು ಕಲಿತರು. ಹಸುವನ್ನೂ ಅಧ್ಯಕ್ಷರನ್ನೂ ಒಂದೇ ದನಿಯಲ್ಲಿ ಗದರುವ ಹೆಂಗಸು.

ಪಂಚಾಯಿತಿಯಲ್ಲಿ ಒಂದು ರೂಢಿಯಿತ್ತು. ಸಭೆಗೆ ಮೊದಲೇ ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಗಿದೆ’ ಎಂದು ಬರೆದಿಟ್ಟಿರುತ್ತಿದ್ದರು. ಸದಸ್ಯರು ಬಂದು, ಬೋಂಡ ತಿಂದು, ರುಜು ಹಾಕಿ ಹೋಗುವುದು.

ಕಾರ್ಗಿಲ್ ಯುದ್ಧದ ದಿನಗಳು. ಸೈನ್ಯ ಗಡಿ ದಾಟಿ ನುಗ್ಗಬೇಕೆಂದು ದಿಲ್ಲಿಯನ್ನು ಒತ್ತಾಯಿಸುವ ನಿರ್ಣಯವನ್ನು ಪಂಚಾಯಿತಿಯಲ್ಲಿ ಪಾಸು ಮಾಡಿಸಲು ಮೆಂಬರಮ್ಮನ ಪಕ್ಷ ಹೊರಟಿತು. ರುಜು ಹಾಕದವರು ಪಕ್ಷದಿಂದ ಹೊರಗೆ ಎಂದು ಮುಖಂಡರು ಸಭೆಯ ಹಿಂದಿನ ದಿನವೇ ಅವರ ಮನೆಗೆ ಬಂದು ಹೇಳಿದರು. ಮೆಂಬರಮ್ಮನ ಕಿರಿಮಗ ಸೈನ್ಯ ಸೇರಿ ಆಗ ಕಾರ್ಗಿಲ್ ಗಡಿಯಲ್ಲೇ ಕಾವಲಿಗಿದ್ದ. ‘ನಮ್ಮೂರ ಕರಿಘಟ್ಟ ಹತ್ತಿದಂಗಲ್ಲ ಕಣವ್ವ ಈ ಬೆಟ್ಟ’ ಎಂಬ ಅವನ ಕಾಗದವನ್ನು ನಾನೇ ಓದಿ ಹೇಳಿದ್ದೆ.

“ಮಗನ್ನ ಗಡಿ ಕಾಯಕ್ಕೆ ಕಳ್ಸಿವ್ನಿ ಕಣಪ್ಪ. ದಾಟ್ಕೊಂಡೋಗಿ ಸಾಯ್ಲಿ ಅಂತ ನಾನೇ ರುಜು ಆಕ್ಲಾ?”

“ಜನ ದೇಶದ್ರೋಹಿ ಅಂತಾರೆ ಕಣವ್ವ,” ಎಂದರು ಮುಖಂಡರು.

“ಅನ್ಲಿ ಬುಡು. ನಿನ್ ಮಗ ಬ್ರಾಂದಿ ಅಂಗ್ಡೀಲಿ ತಾನೆ ಕುಂತಿರೋದು? ಮೊದ್ಲು ಅವನ್ನ ಕಳ್ಸು, ಆಮೇಕೆ ರುಜು ಕೇಳು.”

ಅವರು ಹೋದೊಡನೆ ಮೆಂಬರಮ್ಮ ನನ್ನ ಜಗಲಿಗೆ ಬಂದರು. “ಮೇಷ್ಟ್ರೇ, ಒಪ್ಪಿಲ್ಲ ಅಂತ ಎಂಗೆ ಬರೆಯೋದು?”

ಸರ್ಕಾರಿ ನೌಕರ ನಾನು, ಬರೆಸಿದ್ದು ನಾನೆಂದು ಗೊತ್ತಾದರೆ ಕೆಲಸಕ್ಕೇ ಕುತ್ತು. ಹುಷಾರಿಲ್ಲ ಅಂತ ಹೇಳಿಕಳಿಸಿ, ಸಭೆಗೇ ಹೋಗಬೇಡಿ ಎಂದೆ.

ರುಜು ಕಲಿತ ಸ್ಲೇಟನ್ನೇ ನನ್ನತ್ತ ತಳ್ಳಿದರು. “ಬರ್ಕೊಡಿ. ಎದ್ರಿಕೆ ನಿಮ್ದು, ಕೈ ನಂದು.”

ಬರೆದುಕೊಟ್ಟೆ. ಸಂಜೆಯೆಲ್ಲ ತಿದ್ದಿದರು. ಮಾರನೆಯ ದಿನ ಸಭೆಯಲ್ಲಿ ‘ಒಪ್ಪಿಲ್ಲ’ ಎಂದು ಬರೆದು ಅದರ ಕೆಳಗೆ ರುಜು ಹಾಕಿದರಂತೆ. ಗುಮಾಸ್ತ ‘ಸರ್ವಾನುಮತ’ ಹೊಡೆದುಹಾಕಿ ‘ಬಹುಮತ’ ಎಂದು ತಿದ್ದುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲವಂತೆ.

ಪಕ್ಷ ಹೊರಗೆ ಹಾಕಿತು. ಮುಂದಿನ ಚುನಾವಣೆಯಲ್ಲಿ ಸೋತರು. ಮಗ ರಜೆಯ ಮೇಲೆ ಬಂದಾಗ ಅದೇ ಮುಖಂಡರು ಹಾರ ಹಿಡಿದು ಬಂದರು. ಮೆಂಬರಮ್ಮ ಅವರಿಗೆ ಕಾಫಿ ಕೊಟ್ಟು, ಹಾರ ತೆಗೆದುಕೊಂಡು ಹೋಗಿ ಹಸುವಿನ ಕೊರಳಿಗೆ ಹಾಕಿದರು.

ಅವರು ತೀರಿಕೊಂಡ ವರ್ಷವೇ, ಮಕ್ಕಳಿದ್ದ ನಮ್ಮ ಶಾಲೆಯನ್ನು ಮುಚ್ಚಿಸಲು, ಅಲ್ಲಿ ಮಕ್ಕಳೇ ಇಲ್ಲವೆಂಬ ವರದಿಯೊಂದು ರುಜುವಿಗಾಗಿ ನನ್ನ ಮೇಜಿಗೆ ಬಂತು. ಮೇಲಿನವರೆಲ್ಲ ಆಗಲೇ ಹಾಕಿದ್ದರು. ‘ಒಪ್ಪಿಲ್ಲ’ ಎಂದು ಬರೆದೆ. ಮೂವತ್ತು ವರ್ಷ ಮಕ್ಕಳ ಅಕ್ಷರ ತಿದ್ದಿದ ಕೈ, ಆದರೂ ಅಕ್ಷರಗಳು ಮೆಂಬರಮ್ಮನವುಗಳಂತೆಯೇ ಸೊಟ್ಟಗೆ ಬಂದವು. ತಿದ್ದದೆ ಹಾಗೆಯೇ ಕಳಿಸಿದೆ.