ಹೊಗೆ ಕೋಣೆಯ ರುದ್ರಪ್ಪ ಸರ್

ರುದ್ರಪ್ಪ ಸರ್ ಯಾವ ಬಾಗಿಲನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕೈ ತಿರುಗಿಸಿ, ಬೆರಳುಗಳ ಹಿಂಬದಿಯನ್ನು ಹಲಗೆಗೆ ತಾಗಿಸಿ, ಆಚೆ ಬಿಸಿ ಇಲ್ಲವೆಂದು ಖಾತ್ರಿಯಾದ ಮೇಲೆ ತಳ್ಳುತ್ತಿದ್ದರು. ತರಗತಿಯ ಬಾಗಿಲಿಗೂ ಅದೇ, ಕ್ಯಾಂಟೀನಿನ ಬಾಗಿಲಿಗೂ ಅದೇ. ಹುಡುಗರು ನಕ್ಕರೆ, "ನಗ್ರಿ, ನಗ್ರಿ. ಅಂಗೈ ಸುಟ್ಟುಕೊಂಡಾವ ಏಣಿನ ಹಲ್ಲಿಲೆ ಹಿಡೀತಾನೇನು?" ಎನ್ನುತ್ತಿದ್ದರು.

ಮಠದ ಬಾಗಿಲನ್ನೂ ಅವರು ಹಾಗೆಯೇ ಮುಟ್ಟಿ ಒಳಗೆ ಹೋದದ್ದನ್ನು ನೋಡಿದ್ದೇನೆ ಎಂದು ಇಲ್ಲಿ ಬರೆದು ಹೊಡೆದುಹಾಕಿದೆ. ಅವರೊಂದಿಗೆ ನಾನು ಯಾವ ಮಠಕ್ಕೂ ಹೋಗಿಲ್ಲ. ನನ್ನ ನೆನಪಿಗೆ ಈ ಚಾಳಿ ಇದೆ. ಕಾಣದ್ದನ್ನು ಕಂಡಂತೆ ತಂದು ಕೂರಿಸುತ್ತದೆ. ಈ ಚಾಳಿಗೆ ಒಬ್ಬ ಹುಡುಗ ಬಲಿಯಾದ. ಆದ್ದರಿಂದ ಮುಂದಿನದನ್ನು ಸಾಧ್ಯವಾದಷ್ಟು ಬೋಳಾಗಿ ಹೇಳುತ್ತೇನೆ.

ಅದು ಬೆಳಗಾವಿಯ ಒಂದು ಸಣ್ಣ ಕಾಲೇಜು. ಬೆಂಕಿ ನಂದಿಸುವುದು, ಜನರನ್ನು ಹೊರಗೆ ತರುವುದು, ತುರ್ತು ಸೇವೆ ಇವುಗಳ ಡಿಪ್ಲೊಮಾ. ಇಪ್ಪತ್ತು ಜನರಲ್ಲಿ ಹುಡುಗಿ ನಾನೊಬ್ಬಳೇ. ಅಗ್ನಿಶಾಮಕ ಠಾಣೆಯಿಂದ ನಿವೃತ್ತರಾಗಿ ಬಂದಿದ್ದ ರುದ್ರಪ್ಪ ಸರ್ ನಮಗೆ ಪ್ರಾಯೋಗಿಕ ತರಬೇತಿ ಕೊಡುತ್ತಿದ್ದರು. ಎಡಹುಬ್ಬು ಅರ್ಧ ಮಾತ್ರ ಇತ್ತು. ಉಳಿದರ್ಧ ಎಲ್ಲಿ ಸುಟ್ಟಿತೆಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಥೆ ಹೇಳುತ್ತಿದ್ದರು. ಮುಂಜಾನೆ ಹಚ್ಚಿದ ವಿಭೂತಿ ಹತ್ತು ಗಂಟೆಗೆಲ್ಲ ಬೆವರಲ್ಲಿ ಕರಗಿ ಮೂಗಿನ ತನಕ ಇಳಿದಿರುತ್ತಿತ್ತು.

ಮೊದಲ ದಿನ ಅವರು ಹೇಳಿದ್ದು ಇಷ್ಟು: "ಬೆಂಕಿ ಎದುರಿಗೆ ಬಂದು ಹೊಡೀತೈತಿ. ಹೊಗಿ ಹಂಗಲ್ಲ, ಬಾಜೂಕ ಕುಂತು ಕೊಲ್ಲತೈತಿ. ಯಾರಿಗೆ ಹೀರೋ ಆಗೂದೈತಿ, ಅವ್ರು ನಾಟಕ ಕಂಪನಿ ಸೇರ್ರಿ. ಇಲ್ಲೆ ಎಣಿಸಾಕ ಬರಾವ್ರು ಬೇಕು. ಒಳಗ ಎಷ್ಟು ಮಂದಿ ಹ್ವಾದ್ರು, ಹೊರಗ ಎಷ್ಟು ಮಂದಿ ಬಂದ್ರು. ಅಷ್ಟ."

ಎಣಿಸಲು ಅವರಲ್ಲೊಂದು ಹಲಗೆ ಇತ್ತು. ಮುರಿದ ಕೇರಂ ಬೋರ್ಡಿಗೆ ಸಾಲಾಗಿ ಮೊಳೆ ಹೊಡೆದದ್ದು. ನಮ್ಮೆಲ್ಲರ ಹೆಸರು ಕೊರೆದ ತಗಡಿನ ಬಿಲ್ಲೆಗಳಿದ್ದವು. ಕಾಲೇಜಿನ ಹಿಂದಿನ ಪತ್ರಾಸಿನ, ಅಂದರೆ ತಗಡಿನ ಗೋದಾಮೇ ಹೊಗೆ ಕೋಣೆ. ಅದಕ್ಕೆ ಮುಂದೊಂದು, ಹಿಂದೊಂದು ಬಾಗಿಲು. ಅಲ್ಲಿ ಹಸಿ ಹುಲ್ಲು ಹೊತ್ತಿಸಿ ಹೊಗೆ ಎಬ್ಬಿಸುತ್ತಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ಹಲಗೆಯವರಿಗೆ ಕೊಟ್ಟು ಹೋಗಬೇಕು. ಹೊರಗೆ ಬಂದಾಗ ಹಲಗೆಯವರು ಅದನ್ನು ತೆಗೆದು ಅವನ ಕೈಯಲ್ಲೇ ಇಡಬೇಕು. ಬಿಲ್ಲೆ ಮೊಳೆಯ ಮೇಲಿದ್ದರೆ ಮನುಷ್ಯ ಒಳಗಿದ್ದಾನೆ ಎಂದೇ ಲೆಕ್ಕ. "ಕಣ್ಣು ನಂಬಬ್ಯಾಡ್ರಿ, ಹಲಗಿ ನಂಬ್ರಿ" ಎನ್ನುತ್ತಿದ್ದರು.

ಆ ದಿನ ಹಲಗೆ ನನ್ನ ಕೈಯಲ್ಲಿತ್ತು.

ಕೊನೆಯ ಜೋಡಿಯಲ್ಲಿ ಸಾಗರ ಇದ್ದ. ಬೆಳಗಾವಿಯದೇ ಶಹಾಪುರದ ನೇಕಾರರ ಹುಡುಗ, ಸರ್ ಅವರಿಗೆ ಅಚ್ಚುಮೆಚ್ಚು. ಅವನ ಜೊತೆಗಾರ ಬಂದು ಬಿಲ್ಲೆ ತೆಗೆದುಕೊಂಡ. ಸಾಗರನ ಬಿಲ್ಲೆ ಮೊಳೆಯ ಮೇಲೇ ಇತ್ತು. ಸರ್ ಹೆಸರು ಹಿಡಿದು ಕೂಗಿದರು, ಉತ್ತರವಿಲ್ಲ. ಉಳಿದಿದ್ದ ಒಂದೇ ಸಿಲಿಂಡರಿನಲ್ಲಿ ಗಾಳಿ ಕಡಿಮೆ ಇತ್ತು. ಅದನ್ನೇ ಹಾಕಿಕೊಂಡು ಒಳಗೆ ಹೋದರು. ಗಾಳಿ ಮುಗಿಯುತ್ತಿದೆಯೆಂದು ಎಚ್ಚರಿಸುವ ಸೀಟಿ ಒಳಗೆ ಕೂಗತೊಡಗಿತು. ಕೂಗಿ ಕೂಗಿ ನಿಂತಿತು. ಸರ್ ಬರಲಿಲ್ಲ. ಹುಡುಗರು ಒದ್ದೆ ಗೋಣಿಚೀಲ ಹೊದ್ದು ನುಗ್ಗಿದರು. ಹೊಗೆ ಹೋಗಲೆಂದು ಯಾರೋ ಓಡಿಹೋಗಿ ಹಿಂದಿನ ಬಾಗಿಲು ತೆಗೆದರು. ಮಾಸ್ಕ್ ಕಿತ್ತೆಸೆದು ಗೋಡೆಯ ಮೂಲೆಯಲ್ಲಿ ಬಿದ್ದಿದ್ದ ಸರ್ ಅವರನ್ನು ಎಳೆದು ತಂದಾಗ, ಗೋದಾಮಿನ ಹಿಂಭಾಗದಿಂದ ಸಾಗರ ಬಾಯಿ ಒರೆಸಿಕೊಳ್ಳುತ್ತ ಬಂದ. ಹಿಂದೆ ದೂರದಲ್ಲಿದ್ದ ನಳದ ಹತ್ತಿರ ವಾಂತಿ ಮಾಡಿಕೊಳ್ಳುತ್ತಿದ್ದನಂತೆ.

"ಯಾಕಲೇ, ಯಾರಿಗೆ ಏನಾತು?" ಎಂದ.

ಸರ್ ಬದುಕಿದರು, ಆದರೆ ಪುಪ್ಪುಸ ಸುಟ್ಟಿತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ ನಡೆಯಿತು.

"ನಾ ಮುಂದಿನ ಬಾಗಲದಿಂದನ ಬಂದೇನ್ರೀ. ನನ್ನ ಬಿಲ್ಲಿ ತಗೀ ಅಂತ ಇಕಿಗೆ ಹೇಳೇನಿ. ಇಕಿ ಹೂಂ ಅಂದಾಳ" ಎಂದ ಸಾಗರ.

"ಇಲ್ರೀ, ಅವ ಹಿಂದಿನ ಬಾಗಲದಿಂದ ಬಂದ. ನಾ ನೋಡೇನಿ" ಎಂದೆ ನಾನು.

ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಹೊಗೆ, ತೆರೆದ ಬಾಗಿಲು, ಬಗ್ಗಿ ಹೊರಬರುವ ಸಾಗರ, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಆಸ್ಪತ್ರೆಯಿಂದ ಸರ್ ಬರೆದುಕೊಟ್ಟ ಹೇಳಿಕೆ ಬಂತು: ಹಿಂದಿನ ಬಾಗಿಲು ತೆರೆದಿತ್ತು, ಅಲ್ಲಿ ಯಾರನ್ನೂ ನಿಲ್ಲಿಸದಿದ್ದುದು ತಮ್ಮ ತಪ್ಪು. ನನ್ನ ಮಾತು ಗಟ್ಟಿಯಾಯಿತು. ಗಡಿಬಿಡಿಯಲ್ಲಿ ಆ ಬಾಗಿಲು ತೆಗೆದವರು ಯಾರೆಂದು ಯಾರೂ ವಿಚಾರಿಸಲಿಲ್ಲ. ಸಾಗರನ ಹೆಸರು ತೆಗೆದುಹಾಕಿದರು. ಅವನು ಶಹಾಪುರದ ಮಗ್ಗಕ್ಕೆ ಮರಳಿದ. ನಾನು ಪಾಸಾಗಿ ಆಸ್ಪತ್ರೆಯೊಂದರಲ್ಲಿ ಅಗ್ನಿಸುರಕ್ಷತೆಯ ಕೆಲಸಕ್ಕೆ ಸೇರಿದೆ.

ಕಳೆದ ವರ್ಷ ಕಾಲೇಜಿನವರು ನನ್ನನ್ನು ಒಂದು ದಿನದ ತರಬೇತಿಗೆ ಕರೆದರು. ಹಲಗೆ ಹಿಡಿದು ನಾನು ಅಂದು ನಿಂತ ಜಾಗದಲ್ಲೇ ನಿಂತೆ. ಅಲ್ಲಿಂದ ಹಿಂದಿನ ಬಾಗಿಲು ಕಾಣುವುದಿಲ್ಲ. ಎರಡು ಹೆಜ್ಜೆ ಎಡಕ್ಕೆ ಹೋದೆ, ಬಲಕ್ಕೆ ಹೋದೆ. ಎಲ್ಲಿಂದಲೂ ಕಾಣುವುದಿಲ್ಲ.

ಮರುದಿನವೇ ಖಾನಾಪುರದ ರೈಲು ಹತ್ತಿದೆ. ಸರ್ ಅಲ್ಲಿ ತಮ್ಮ ಮನೆಯಲ್ಲಿದ್ದರು. ದೇಸೂರಿನಲ್ಲಿ ರೈಲು ಕ್ರಾಸಿಂಗಿಗೆ ನಿಂತಾಗ ಇಳಿದು ಹಿಂತಿರುಗಿಬಿಡಲೇ ಎಂದು ಎದ್ದು ನಿಂತದ್ದು ನಿಜ.

ಕಾಕು, ಅಂದರೆ ಸರ್ ಅವರ ಹೆಂಡತಿ, ಬಾಗಿಲಲ್ಲೇ ಹೇಳಿದರು: "ಬಾಳ ಮಾತಾಡಸಬ್ಯಾಡ ತಂಗಿ, ದಮ್ಮು ಹತ್ತತೈತಿ." ಸರ್ ಮಂಚದ ಮೇಲೆ ದಿಂಬಿಗೊರಗಿದ್ದರು, ಮೂಗಿಗೆ ಆಮ್ಲಜನಕದ ನಳಿಕೆ.

"ಬಾ ವೈಶಾಲಿ, ಕುಂದ್ರು. ದವಾಖಾನ್ಯಾಗ ಎಲ್ಲಾ ಸಿಲಿಂಡರ್ ಪ್ರೆಷರ್ ನೋಡೀಯೇನು?"

"ನೋಡೇನ್ರೀ ಸರ್." ನಂತರ ಎಲ್ಲವನ್ನೂ ಹೇಳಿದೆ. ಕಾಣದ ಜಾಗದಿಂದ ನೋಡಿದೆ ಎಂದದ್ದು. ಸಾಗರ ಮಾಸ್ಕಿನೊಳಗಿಂದ ಏನೋ ಹೇಳಿದ್ದು, ನಾನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ವೇಳೆ ಬರೆಯುತ್ತ ಹೂಂ ಅಂದಿರಬಹುದಾದದ್ದು.

ಅವರು ಮೂಗಿನ ನಳಿಕೆಯನ್ನು ಸರಿಪಡಿಸಿಕೊಂಡರು.

"ನೀ ನೋಡಿಲ್ಲಂತ ನನಗ ಆವತ್ತ ಗೊತ್ತಿತ್ತು. ಗಾಳಿ ಬಂದು ಹೊಗಿ ನಿಲ್ಲವಲ್ಲದಂತ ಮುಂಜಾನೆ ನಾನ ಆ ಬಾಗಲಕ್ಕ ಹೊರಗಿಂದ ಚಿಲಕಾ ಹಾಕಿದ್ದೆ. ಅದಕ್ಕ ಹುಡುಗ ಒಳಗ ಅದಾನಂತ ಖಾತ್ರಿ ಮಾಡಿ ಹ್ವಾದೆ. ಹಿಂದ ದಾರಿ ಇರಲಿಲ್ಲಲ್ಲ."

ಸರ್ ದಿಂಬು ಬಿಟ್ಟು ಮುಂದಕ್ಕೆ ಬಾಗಿದರು.

"ಇಪ್ಪತ್ತು ಮಂದಿ ಮಕ್ಕಳನ್ನ ಒಳಗ ಬಿಟ್ಟು ಬಾಗಲಾ ಬಂದ್ ಮಾಡಿದಾವ ನಾನು. ಮೂವತ್ತು ವರ್ಷ ಸರ್ವೀಸು! ಹೇಳಾಕ ನಾಚಿಕಿ ಬಂತವಾ. ಅಷ್ಟರಾಗ ಬಾಗಲಾ ತೆರೆದಿತ್ತಂತ ನೀ ಹೇಳಿದಿ. ನಿನ್ನ ಸುಳ್ಳಿನ ಮ್ಯಾಲೆ ನಾ ಸಹಿ ಮಾಡಿದೆ."

ಕಾಕು ಒಳಗಿಂದ ಬಂದು ನೀರು ಕುಡಿಸಿದರು. ಸರ್ ಲೋಟ ಸರಿಸಿ ಹೇಳಿದರು: "ಸೋಮವಾರ ಶಹಾಪುರಕ್ಕ ಹೋಗೂಣು. ಗಾಡಿ ಮಾಡ್ಸು. ನಂದು ನಾ ಹೇಳ್ತೀನಿ, ನಿಂದು ನೀ ಹೇಳು. ಒಬ್ಬರದು ಇನ್ನೊಬ್ಬರು ಹೇಳೂದು ಬ್ಯಾಡ."

"ಹೋಗೂದ ಬ್ಯಾಡ್ರೀ ಈಗ, ಆರಾಮ ಆಗ್ರಿ ಮೊದಲ" ಎಂದರು ಕಾಕು.

"ಆರಾಮ ಆಗಾವನಲ್ಲ ನಾ. ಸೋಮವಾರ."

ಶನಿವಾರ ಸರ್ ತೀರಿಕೊಂಡರೆಂದು ಫೋನ್ ಬಂತು. ನಾನು ಹೋದಾಗ ಅವರನ್ನು ಪಡಸಾಲೆಯಲ್ಲಿ ಗೋಡೆಗೊರಗಿಸಿ ಕೂರಿಸಿದ್ದರು. ಕರಗದ ವಿಭೂತಿಯನ್ನು ಅವರ ಹಣೆಯ ಮೇಲೆ ನಾನು ನೋಡಿದ್ದು ಅದೊಂದೇ ಸಲ. ಕಾಲೇಜಿನಿಂದ ಹಾರ ತಂದವರು ಅವರ ಸಾಹಸದ ಬಗ್ಗೆ ಮಾತಾಡಿದರು. ಶಿಷ್ಯನನ್ನು ಉಳಿಸಲು ಹೊಗೆಗೆ ಹಾರಿದ ಗುರು ಎಂದರು. ನಿಜವನ್ನು ನಾನು ಹೇಳಲಿಲ್ಲ, ಅದನ್ನು ಮೊದಲು ಕೇಳಬೇಕಾದ ಸಾಗರ ಅಲ್ಲಿರಲಿಲ್ಲ.

ಸೋಮವಾರ ಒಬ್ಬಳೇ ಶಹಾಪುರಕ್ಕೆ ಹೋದೆ. ನನ್ನನ್ನು ಕಂಡು ಸಾಗರ ತನ್ನ ಮಗ್ಗ ನಿಲ್ಲಿಸಿದ. ಉಳಿದ ಮೂರು ಮಗ್ಗಗಳು ಓಡುತ್ತಲೇ ಇದ್ದವು. ಮೆಲ್ಲಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಕೂಗಿ ಹೇಳಬೇಕಾಯಿತು. ನನ್ನದನ್ನು ಹೇಳಿದೆ. ಆಮೇಲೆ ಸರ್ ಅವರದ್ದನ್ನೂ ನಾನೇ ಹೇಳಿದೆ.

ಅವನು ಅರಿವೆಯಿಂದ ಕೈಯ ಎಣ್ಣೆಯನ್ನು ಬೆರಳು ಬೆರಳಾಗಿ ಒರೆಸಿಕೊಂಡ.

"ಚಿಲಕಾ ಸರ್ ಹಾಕಿದ್ರಾ?"

"ಹೂಂ."

"ಖುದ್ದ ಅವರ ಹೇಳಿದ್ರಾ?"

"ಹೂಂ, ಖುದ್ದ ಅವರ. ನಿನ್ನ ಮುಂದ ಹೇಳಾಕ ಇವತ್ತ ಬರಾವ್ರಿದ್ರು."

"ಮತ್ತ ಎಲ್ಲಿ ಅದಾರ? ಗಾಡ್ಯಾಗ ಕುಂತಾರೇನು?" ಎಂದು ಸಾಗರ ನನ್ನನ್ನು ದಾಟಿ, ಚಪ್ಪಲಿ ಹುಡುಕುತ್ತ, ರಸ್ತೆಯ ಕಡೆ ಹೊರಟ.