ಜರಿ ಅಂಗಡಿಯ ಮಗಳು ವಿಮಾನದ ವೈರು ಪಾಸು ಮಾಡಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಈ ಎಂಬತ್ತು ವರ್ಷಗಳಲ್ಲಿ ನಾನು ಅತ್ಯಂತ ಖಚಿತವಾಗಿ ಹೇಳಿದ ಮಾತುಗಳೇ ಹೆಚ್ಚಾಗಿ ತಪ್ಪಿದ್ದು. ಅನುಮಾನಿಸುತ್ತ ಹೇಳಿದವು ಒಂದಷ್ಟು ಸರಿಯಾಗಿರಲೂಬಹುದು. ಅನುಮಾನಪಡುವವಳಿಗೆ ಇನ್ನೊಬ್ಬರನ್ನು ಕೇಳೋಣ ಅನ್ನಿಸುತ್ತದಲ್ಲ, ಅದಕ್ಕಿರಬೇಕು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಬೆನ್ನು ನೆಟ್ಟಗಿಟ್ಟುಕೊಂಡು ಮಾತಾಡುವುದನ್ನು ಕಲಿಸಿದರು. ಬೆನ್ನು ನೆಟ್ಟಗಿದ್ದರೆ ಮಾತೂ ನೆಟ್ಟಗಿರುತ್ತದೆ ಎಂದು ನಾನಾಗಿ ತಿಳಿದುಕೊಂಡೆ. ಅದು ಅವರ ತಪ್ಪಲ್ಲ.

ಅಂಥ ಖಚಿತ ಮಾತುಗಳ ಪೈಕಿ ದೊಡ್ಡದು ವಿಮಾನದ ವೈರಿನದು. ಹೌದು, ವಿಮಾನ. ನಮ್ಮವರು ನಂಜನಗೂಡಿನ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಯಲ್ಲಿ, ಉಳಿದ ಮೇಷ್ಟ್ರುಗಳು ಸೈಟು ಹುಡುಕುತ್ತಿದ್ದಾಗ, ಇವರು ಅಮೆರಿಕದಿಂದ ಟಪಾಲಿನಲ್ಲಿ ನಕ್ಷೆ ತರಿಸಿ, ನರಸೀಪುರದ ರಸ್ತೆಯಲ್ಲಿದ್ದ ಒಂದು ಹಳೆಯ ಅಕ್ಕಿ ಗೋದಾಮಿನಲ್ಲಿ ಒಬ್ಬರೇ ಕೂರುವ ವಿಮಾನ ಕಟ್ಟಲು ಶುರುಮಾಡಿದರು. ಮರದ ಪಟ್ಟಿ, ಅಂಟು, ಬಟ್ಟೆ, ಹಳೆಯ ಕಾರಿನ ಎಂಜಿನ್ನು. "ಮೇಷ್ಟ್ರಮ್ಮಾ, ನಿಮ್ಮನೆಯವರು ಆರೋದು ಯಾವಾಗ?" ಎಂದು ತರಕಾರಿಯವಳೂ ಕೇಳುತ್ತಿದ್ದಳು. ಹಣೆಗೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು ಎನ್ನುವುದನ್ನೂ ಹೇಳಬೇಕು.

ನಮ್ಮವರದೊಂದು ಕಟ್ಟುನಿಟ್ಟು ಇತ್ತು. ವಿಮಾನದೊಳಗೆ ಹೋಗುವ ಯಾವ ವಸ್ತುವನ್ನೂ ಒಬ್ಬರೇ ಪಾಸು ಮಾಡಬಾರದು. ತಂದವರೊಬ್ಬರು, ತರದವರೊಬ್ಬರು ನೋಡಬೇಕು. ವೈರು ನೋಡುವ ಎರಡನೆಯ ಕಣ್ಣು ನನ್ನದು. ಅದಕ್ಕೆ ಕಾರಣವೂ ಇತ್ತು. ನಾನು ನರಸೀಪುರದ ರೇಷ್ಮೆ ಸೀರೆ ಅಂಗಡಿಯ ಮಗಳು. ಎಳೆ ಎಣಿಸುವುದು, ಹುರಿ ಬಿಚ್ಚಿ ನೋಡುವುದು, ಉಗುರಿನ ತುದಿಯಲ್ಲಿ ಜರಿ ಕೆರೆಯುವುದು ನನಗೆ ಅಆಇಈಗಿಂತ ಮೊದಲು ಬಂದ ವಿದ್ಯೆ. "ನಿನ್ನ ಕಣ್ಣಿಗೆ ಬಿದ್ದ ಎಳೆ ತಪ್ಪಿಸಿಕೊಳ್ಳೋಲ್ಲ" ಎಂದು ಅವರು ಹೇಳಿದ ದಿನ ನಾನು ಒಂದಿಂಚು ಬೆಳೆದೆ.

ಪರೀಕ್ಷೆಗೆ ಎರಡು ಬಗೆಯ ವೈರು ಬಂದವು. ಒಂದು, ನಮ್ಮವರು ಮೈಸೂರಿನಿಂದ ತಂದ ಮನೆ ವೈರು. ಕೆಂಪು, ಹಳದಿ, ಹಸಿರು, ನವರಾತ್ರಿಯ ಬೊಂಬೆಗೆ ಉಡಿಸಬಹುದಾದಂಥ ಬಣ್ಣ. ಸಿಪ್ಪೆ ಸುಲಿದರೆ ಒಳಗೆ ಮೂರು ದಪ್ಪ ಎಳೆ, ಹೊಸ ತಂಬಿಗೆಯಂತೆ ಹೊಳೆಯುವ ತಾಮ್ರ. ಇನ್ನೊಂದು, ಶಿವಮಲ್ಲಪ್ಪನವರು ತಂದದ್ದು. ಅವರು ಹದಿನಾರು ಎಂಬ ಹಳ್ಳಿಯವರು, ವಾಯುಪಡೆಯಲ್ಲಿ ವೈರಿಂಗ್ ಕೆಲಸ ಮಾಡಿ ರಿಟೈರಾಗಿ, ನಂಜನಗೂಡಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಬೆಂಗಳೂರಿನ ಯಾವುದೋ ಹರಾಜಿನಲ್ಲಿ ಆ ವೈರಿನ ಸುರುಳಿ ಹಿಡಿದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಕೊಟ್ಟು, ರಾಗಿ ಕೊಯ್ಲಿಗೆಂದು ಊರಿಗೆ ಹೋದರು. ನೋಡಿದರೆ ಬಿಳಿಚಿಕೊಂಡ ಸಿಪ್ಪೆ. ಒಳಗೆ ಕೂದಲಿನಂಥ ಸಣ್ಣ ಸಣ್ಣ ಎಳೆಗಳು, ಬೂದು ಬೆಳ್ಳಿಯ ಬಣ್ಣ.

ಇಲ್ಲಿ ಜರಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಮೂರ್ಖತನದ ಪೂರ್ತಿ ಸೊಗಸು ನಿಮಗೆ ತಿಳಿಯುವುದಿಲ್ಲ. ಅಸಲಿ ಜರಿಯೆಂದರೆ ರೇಷ್ಮೆಯ ಮೇಲೆ ಸುತ್ತಿದ ಬೆಳ್ಳಿ, ಅದರ ಮೇಲೆ ಚಿನ್ನದ ನೀರು. ನಕಲಿ ಜರಿಯಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರವಿರುತ್ತದೆ. ಕೆರೆದಾಗ ಬೆಳ್ಳಗೆ ಕಂಡರೆ ಸೀರೆ ಮಗಳ ಮದುವೆಗೆ. ಕೆಂಪಗೆ ಕಂಡರೆ ತಂದವನಿಗೆ ವಾಪಸು. ನಮ್ಮಪ್ಪ ಹೀಗೆ ವಾಪಸು ಕಳಿಸಿದ ಗಂಟುಗಳನ್ನು ನೋಡುತ್ತಲೇ ಬೆಳೆದವಳು ನಾನು.

ಶಿವಮಲ್ಲಪ್ಪನವರ ವೈರಿನ ಒಂದೆಳೆಯನ್ನು ಬ್ಲೇಡಿನಿಂದ ಕೆರೆದೆ. ಬಿಳಿಯ ಕೆಳಗೆ ಕೆಂಪು!

"ಇಮಿಟೇಶನ್" ಎಂದೆ. "ಒಳಗೆ ತಾಮ್ರ, ಮೇಲೆ ಲೇಪ. ಪಾಪ, ಶಿವಮಲ್ಲಪ್ಪನವರಿಗೆ ಯಾರೋ ಟೋಪಿ ಹಾಕಿದ್ದಾರೆ. ಐ ಆ್ಯಮ್ ಶ್ಯೂರ್."

ನಮ್ಮವರು ಕನ್ನಡಕ ಸರಿಮಾಡಿಕೊಂಡು, "ಅಲ್ವೇ, ಅದು ಬೇಕೂ ಅಂತಲೇ..." ಎಂದು ಏನೋ ಹೇಳಹೊರಟರು. ನಾನು ನೋಡಿದೆ. ಅವರು ನಿಲ್ಲಿಸಿದರು. ಫಿಸಿಕ್ಸ್ ಓದಿದವರು ಹೆಂಡತಿಯ ನೋಟಕ್ಕೆ ಬೇಗ ಬಗ್ಗುತ್ತಾರೆ. ಪ್ರತಿಕ್ರಿಯೆ ಅಷ್ಟೇ ಬಲದ್ದು ಎಂಬ ನಿಯಮ ಅವರಿಗೆ ಮೊದಲೇ ಗೊತ್ತಿರುತ್ತದೆ. ಹೀಗೆ ಬಣ್ಣದ ವೈರು ಪಾಸಾಗಿ ವಿಮಾನದ ಹೊಟ್ಟೆಯೊಳಗೆ ಹೋಯಿತು. ಬಿಳಿಯ ವೈರನ್ನು ದಂಡಮಾಡುವುದೇಕೆಂದು ಸುರುಳಿಯಿಂದ ಒಂದಷ್ಟು ಬಿಚ್ಚಿ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕಟ್ಟಿದೆ.

ತಿಂಗಳಾದ ಮೇಲೆ ಶಿವಮಲ್ಲಪ್ಪನವರು ಹೊಸ ರಾಗಿಯ ಚೀಲದೊಂದಿಗೆ ಬಂದರು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಅವರು ಬೆಂಗಳೂರಿನಿಂದ ತೊಡೆಯ ಮೇಲಿಟ್ಟುಕೊಂಡು ತಂದ ವೈರಿನ ಮೇಲೆ ನನ್ನ ಲಂಗಗಳು ಗಾಳಿಗಾಡುತ್ತಿದ್ದವು.

"ಇದ್ಯಾಕಮ್ಮಾವ್ರೇ ಇಲ್ಲಿಗೆ ಬಂತು?"

ಹೇಳಿದೆ. ಬೆನ್ನು ನೆಟ್ಟಗಿಟ್ಟುಕೊಂಡೇ ಹೇಳಿದೆ. ಜರಿ, ಬೆಳ್ಳಿ, ತಾಮ್ರ, ನಮ್ಮಪ್ಪ, ಎಲ್ಲ. ಅವರು ಕೋಪಿಸಿಕೊಂಡಿದ್ದರೆ ನನಗೆ ಸುಲಭವಿತ್ತು. ಅವರು ಪೂರ್ತಿ ಕೇಳಿಸಿಕೊಂಡು, ಒಂದು ಬೆಂಕಿಪೊಟ್ಟಣ ಕೇಳಿದರು.

ಮೊದಲು ಬಣ್ಣದ ವೈರಿನ ತುಂಡಿಗೆ ಕಡ್ಡಿ ಗೀರಿದರು. ಅದು ಹೊತ್ತಿಕೊಂಡು, ತೊಟ್ಟಿಕ್ಕುತ್ತ, ಕಪ್ಪು ಹೊಗೆ ಬಿಟ್ಟಿತು. ಕಡ್ಡಿ ತೆಗೆದ ಮೇಲೂ ಉರಿ ಮೇಲಕ್ಕೆ ಹತ್ತುತ್ತಿತ್ತು. ನನಗೆ ಕೆಮ್ಮು ಬಂತು. ಬಿಳಿಯ ವೈರಿಗೆ ಹಿಡಿದರು. ಸಿಪ್ಪೆ ಕಪ್ಪಗಾಯಿತು, ಕಡ್ಡಿ ತೆಗೆದೊಡನೆ ಉರಿ ಆರಿತು.

"ಇಲ್ಲಾದ್ರೆ ಕೆಮ್ಮಿ ಆಚೆ ಓಯ್ತೀರಿ ಅಮ್ಮಾವ್ರೇ. ಮೇಷ್ಟ್ರು ಮೇಲಿಂದ ಎಲ್ಲಿಗೆ ಓದಾರು?"

ಆಮೇಲೆ ಎರಡನ್ನೂ ಬೆರಳಿನಲ್ಲಿ ಅತ್ತ ಇತ್ತ ಬಗ್ಗಿಸತೊಡಗಿದರು. ಎಂಜಿನ್ನಿನ ನಡುಕಕ್ಕೆ ವೈರು ಹೀಗೇ ಆಡುತ್ತದಂತೆ. ಮೂರು ದಪ್ಪ ಎಳೆಗಳು ಸ್ವಲ್ಪ ಹೊತ್ತಿಗೇ ಒಂದೊಂದಾಗಿ ಮುರಿದವು. ಸಣ್ಣ ಎಳೆಗಳು ಬಗ್ಗಿದವು, ಎದ್ದವು, ಮತ್ತೆ ಬಗ್ಗಿದವು.

"ಆದರೆ ಆ ಲೇಪ?" ಎಂದೆ.

"ನಿಮ್ಮ ತಾಮ್ರದ ಪಾತ್ರೆಗೆ ಕಲಾಯಿ ಆಕುಸ್ದೆ ಉಳಿಸಾರು ಕಾಯಿಸ್ತೀರಾ? ಕಿಲುಬು ಇಡೀತದೆ ಅಂತ ಆಕುಸ್ತೀರಿ ತಾನೆ? ಇದೂ ಅದೇ ತವರ ಕಣಮ್ಮ. ಅಡಿಗೆ ಮನೇಲಿ ಕೇಳಿದ್ರೆ ಸಾಕಾಗಿತ್ತು. ನೀವ್ಯಾಕೆ ಸೀರೆ ಅಂಗಡಿಗಂಟ ಓದ್ರಿ?"

ವರ್ಷಕ್ಕೊಮ್ಮೆ ಕಲಾಯಿಯವನು ನಮ್ಮ ಬೀದಿಯಲ್ಲಿ ತಿದಿ ಹೂಡಿದಾಗ ಮೊದಲು ಪಾತ್ರೆ ತಂದಿಡುವವಳು ನಾನೇ. ಬಿಳಿಯ ತವರದ ಕೆಳಗೆ ತಾಮ್ರ ಇದೆಯೆಂದು ಯಾವ ಪಾತ್ರೆಯನ್ನೂ ನಕಲಿ ಎಂದವಳಲ್ಲ. ತವರುಮನೆಯ ವಿದ್ಯೆಯ ಜಂಬದಲ್ಲಿ ಗಂಡನ ಮನೆಯ ಅಡುಗೆ ಕೋಣೆಯನ್ನೇ ಮರೆತಿದ್ದೆ. ಅಷ್ಟಾದರೆ ನಕ್ಕು ಮರೆಯಬಹುದಿತ್ತು. ಆ ಜಂಬದ ಮೇಲೆ ಕೂತು ಆಕಾಶಕ್ಕೆ ಹೋಗಬೇಕಾಗಿದ್ದವರು ನನ್ನ ಗಂಡ.

ಮಾರನೆಯ ಭಾನುವಾರ ಗೋದಾಮಿಗೆ ಹೋಗಿ ಬಣ್ಣದ ವೈರು ಕೀಳಲು ಕೂತೆ. ನಮ್ಮವರು "ನಾನೂ ಬರ್ತೀನಿ ತಡಿ" ಎಂದು ಇನ್ನೊಂದು ತುದಿಯಿಂದ ಕಿತ್ತರು. ನೀನು ಹೀಗೆ ಹೇಳಿದ್ದರಿಂದ ಎಂಬ ಒಂದು ಮಾತಿಲ್ಲ. ಮೂರು ಭಾನುವಾರ ಹಿಡಿಯಿತು. ಬಿಳಿಯ ವೈರನ್ನು ಹಿತ್ತಲಿನಿಂದ ಬಿಚ್ಚಿದಾಗ, ಬಿಸಿಲಿಗೆ ಬಿದ್ದ ಉದ್ದವನ್ನು ಶಿವಮಲ್ಲಪ್ಪನವರು ಕತ್ತರಿಸಿ ಎಸೆದು, ಸುರುಳಿಯಲ್ಲಿ ಉಳಿದದ್ದನ್ನು ಮಾತ್ರ ತೆಗೆದುಕೊಂಡರು. ವೈರುಗಳನ್ನು ಒಟ್ಟು ಮಾಡಿ ಮೇಣದ ದಾರದಲ್ಲಿ ಕಟ್ಟುವ ಕೆಲಸ ನನಗೆ ಕೊಟ್ಟರು. ಮಲ್ಲಿಗೆ ದಂಡೆ ಕಟ್ಟುವ ಗಂಟೇ ಹಾಕಿದೆ. ಎಳೆದು ನೋಡಿ, "ವಾಯುಪಡೇಲಿ ಇಷ್ಟು ಸಂದಾಗಿ ಕಟ್ತಿರ್ಲಿಲ್ಲ" ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಬುಡೀ ಅಮ್ಮಾವ್ರೇ. ತಪ್ಪು ಮಾಡ್ದೋರು ಮೇಲೆ ಬಣ್ಣ ಬಳೀತಾರೆ. ನೀವು ಕಿತ್ರಲ್ಲ."

ಹಾರಲು ಅನುಮತಿಯ ಕಾಗದ ದಿಲ್ಲಿಯಿಂದ ಬರಲು ಎರಡು ವರ್ಷ ಹಿಡಿಯಿತು. ಬಂದ ಮೇಲೆ ಒಂದು ಬೆಳಿಗ್ಗೆ, ಮೈಸೂರು ದಾರಿಯ ವಿಮಾನದ ಬಯಲಿನಿಂದ ನಮ್ಮವರು ಮೇಲೇರಿದರು. ಶಿವಮಲ್ಲಪ್ಪನವರೂ ನಾನೂ ಬೇಲಿಯ ಪಕ್ಕ ನಿಂತಿದ್ದೆವು. ತಾಂಡವಪುರದ ಕಡೆ ತಿರುಗಿದ ವಿಮಾನ ಚುಕ್ಕೆಯಾಯಿತು, ಸದ್ದೂ ನಿಂತಿತು. ಆಗಲೇ ಆ ದಿಕ್ಕಿನಲ್ಲಿ ಹೊಗೆ ಎದ್ದಿತು.

ನಾನು ಶಿವಮಲ್ಲಪ್ಪನವರ ತೋಳು ಹಿಡಿದುಕೊಂಡುಬಿಟ್ಟೆ. ಬೆನ್ನು ನೆಟ್ಟಗಿರಲಿಲ್ಲ.

"ಆಲೆಮನೆ ಅಮ್ಮಾವ್ರೇ, ಆಲೆಮನೆ! ಬೆಲ್ಲ ಕಾಯಿಸ್ತಾವ್ರೆ ಕಣಮ್ಮ!"

ಆ ಕ್ಷಣಕ್ಕೆ ನನಗೆ ದೇವರ ಹೆಸರು ಒಂದೂ ನೆನಪಾಗಲಿಲ್ಲ. ಆರಿಹೋದ ಆ ಬಿಳಿಯ ವೈರಿನ ತುಂಡೇ ಕಣ್ಣ ಮುಂದಿತ್ತು. ಸ್ವಲ್ಪ ಹೊತ್ತಿಗೆ ಸದ್ದು ಬಂತು, ಚುಕ್ಕೆ ಬಂತು, ರೆಕ್ಕೆ ಬಂತು. ಎರಡು ಸಲ ನೆಗೆದು ವಿಮಾನ ನೆಲ ಹಿಡಿಯಿತು. ನಮ್ಮವರು ಇಳಿದು ಕಪಿಲೆಯ ಬಗ್ಗೆ, ಭತ್ತದ ಗದ್ದೆಗಳ ಬಗ್ಗೆ, ಹಿಂದೆ ಬಿದ್ದ ಒಂದು ಹದ್ದಿನ ಬಗ್ಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಾನು ತಡೆದು, "ವೈರು ಹೇಗಿತ್ತು ರೀ?" ಎಂದೆ.

"ವೈರಾ?" ಎಂದರು, ಕಕ್ಕಾಬಿಕ್ಕಿಯಾಗಿ. "ಅದೊಂದು ಇದೆ ಅನ್ನೋದೇ ಮರೆತಿದ್ದೆನಲ್ಲೇ."

ಶಿವಮಲ್ಲಪ್ಪನವರು ಜೋರಾಗಿ ನಕ್ಕರು. ಆಮೇಲೆ ನಮ್ಮವರು ಇಪ್ಪತ್ತು ವರ್ಷ ಬದುಕಿದ್ದು, ನಿದ್ದೆಯಲ್ಲಿ, ಹಾಸಿಗೆಯ ಮೇಲೆ ಹೋದರು. ಒಳ್ಳೆಯ ವೈರನ್ನು ಮರೆಯುವ ಹಕ್ಕು ಮೇಲೆ ಹಾರುವವರಿಗಿದೆ. ನೆನಪಿಟ್ಟುಕೊಳ್ಳುವ ಕೆಲಸ ಬೇಲಿಯ ಪಕ್ಕ ನಿಂತವರದು. ಈ ವಯಸ್ಸಿನಲ್ಲಿ ನನಗೆ ಅದಕ್ಕಿಂತ ಹಗುರವಾದ ಕೆಲಸ ಇನ್ನೊಂದಿಲ್ಲ.