ಮರಿಯಮಬಿಯ ಕತೆಯ ಮೂರನೇ ಭಾಗ

ಹತ್ತಿಮತ್ತೂರಿನ ನೀಲಾಂಬಿಕಾ ಕಸೂತಿಗೆ ಚಿತ್ತಾರ ಬರೆದುಕೊಡುವವಳು. ಸವಣೂರಿನ ಹೊಲಿಗೆ ಅಂಗಡಿಗಳಿಂದ ಕುಪ್ಪಸದ ಬಟ್ಟೆ ಬರುತ್ತಿತ್ತು. ಬೆನ್ನಿಗೊಂದು ನವಿಲು, ತೋಳಿಗೊಂದು ಬಳ್ಳಿ ಬಿಡಿಸಿ ಕಳಿಸುತ್ತಿದ್ದಳು. ಗಂಡನ ಮನೆ ಬಿಟ್ಟು ತವರಿಗೆ ಬಂದಮೇಲೆ ಹಿಡಿದ ಕೆಲಸ ಅದು. ಕಾಲೇಜಿನಲ್ಲಿ ಅವಳ ಜೊತೆ ಓದಿದ ಬಸವೇಶ ಹಾನಗಲ್ಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಒಮ್ಮೆ ಅವಳ ನವಿಲನ್ನು ಕಂಪ್ಯೂಟರಿಗೆ ಹಾಕಿ ಗರಿ ಬಿಚ್ಚಿಸಿ ತೋರಿಸಿದ. ನೀಲಾಂಬಿಕಾ ಆ ದಿನ ಊಟ ಮರೆತಳು. ಅಂದಿನಿಂದ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಹಾನಗಲ್ಲಿಗೆ ಹೋಗಿ ಅವನ ಬಳಿ ಅನಿಮೇಷನ್ ಕಲಿತಳು. ಅವನು ಏನನ್ನೂ ಕೇಳದೆ ಕಲಿಸಿದ. ಅವಳಿಗಾಗಿ ಸ್ಟುಡಿಯೋದ ಹಿಂದಿನ ಕೋಣೆ ತೆರವು ಮಾಡಿಕೊಟ್ಟ. ಊರಿನವರು ಏನೇನೋ ಆಡಿಕೊಂಡಾಗ ಅವಳ ಪರ ನಿಂತವನೂ ಅವನೇ.

ಕತೆ ಸಿಕ್ಕಿದ್ದು ಮರಿಯಮಬಿಯಿಂದ. ಸವಣೂರಿನ ಈ ಮುದುಕಿ ಹರೆಯದಿಂದಲೂ ಬಳೆಯ ಮಲಾರ ಹೊತ್ತು ಸುತ್ತಲಿನ ಹಳ್ಳಿಗಳನ್ನು ತಿರುಗಿದವಳು. ನೀಲಾಂಬಿಕಾಳ ಕೈ ಹಿಡಿದು ಬಳೆ ತೊಡಿಸುತ್ತಾ ಒಂದು ಮಧ್ಯಾಹ್ನ ತನ್ನ ಮಗಳ ಮಾತು ತೆಗೆದಳು. ಮಗಳು ಅಫ್ಸಾನಾ ಬಂಕಾಪುರಕ್ಕೆ ಕೊಟ್ಟ ಹೆಣ್ಣು. ಹಬ್ಬಕ್ಕೆ ಬಂದರೆ ನೆಂಟರ ಹಾಗೆ ಕುಳಿತು ಎದ್ದು ಹೋಗುತ್ತಾಳೆ. ಅವಳಿಗೆ ಎರಡು ವರ್ಷವಿದ್ದಾಗ ಮರಿಯಮಬಿ ಅವಳನ್ನು ಹಿರೇಕೆರೂರಿನಲ್ಲಿದ್ದ ತನ್ನ ತಂಗಿಗೆ ಕೊಟ್ಟುಬಿಟ್ಟಿದ್ದಳು. ಬೇಡವಾದ ಹೆಣ್ಣುಮಗುವೆಂದು ಕೊಟ್ಟಳು ಎಂದೇ ಅಫ್ಸಾನಾ ತಿಳಿದಿದ್ದಾಳೆ.

ನಿಜ ಬೇರೆ. ಮರಿಯಮಬಿಗೆ ಆಗ ಕ್ಷಯ ತಗುಲಿತ್ತು. ಮಗುವಿಗೆ ಅಂಟೀತೆಂದು ದೂರ ಮಾಡಿದಳು. ಬಳೆಗಾರ್ತಿಗೆ ಕ್ಷಯ ಎಂದು ಗೊತ್ತಾದರೆ ಬಳೆ ತೊಡಲು ಯಾರೂ ಕೈ ಕೊಡುವುದಿಲ್ಲ, ಅದಕ್ಕೇ ಕಾರಣ ಮುಚ್ಚಿಟ್ಟಳು. ವಾಸಿಯಾಗಿ ಮಗುವನ್ನು ಕರೆತರಲು ಹೋದಾಗ ಮಕ್ಕಳಿಲ್ಲದ ತಂಗಿ ಕಾಲು ಹಿಡಿದಳು. ನಿಜ ತಿಳಿದರೆ ಹುಡುಗಿ ನಿನ್ನ ಹಿಂದೆ ಬಂದುಬಿಡುತ್ತಾಳೆ, ನಾನಿರುವ ತನಕ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡಳು. ಆ ತಂಗಿ ಹೋದ ವರ್ಷ ತೀರಿಕೊಂಡಿದ್ದಳು.

ಇದನ್ನು ಚಿತ್ರ ಮಾಡಲೇ ಎಂದು ನೀಲಾಂಬಿಕಾ ಅಂಜುತ್ತಲೇ ಕೇಳಿದಳು. ಮರಿಯಮಬಿ ಉಳಿದ ಬಳೆಗಳನ್ನು ಮಲಾರಕ್ಕೆ ಪೋಣಿಸತೊಡಗಿದಳು.

"ಅಕೀ ಮುಂದ ಕುಂತು ಹೇಳಾಕ ನನಗ ಬಾಯಿ ಬರೂದಿಲ್ಲವ್ವಾ," ಎಂದಳು. "ನೀ ಚಿತ್ರದಾಗ ಹೇಳು. ಅಕೀ ನೋಡೂಮುಂದ ನಾ ಬಾಜೂಕ ಕುಂತಿರ್ತೇನಿ. ಆಮ್ಯಾಲ ಊರಿಗೆಲ್ಲಾ ತೋರಸು. ಆದರ ಪೂರಾ ತೋರಸು. ಅರ್ಧಾ ಕೇಳಿದರ ನಾ ಕೆಟ್ಟಾಕಿನ ಆಗ್ತೇನಿ."

ನೀಲಾಂಬಿಕಾ ಕತೆಯನ್ನು ಮುದುಕಿಯ ದನಿಯಲ್ಲೇ ಮುದ್ರಿಸಿಕೊಂಡಳು. ಹೆಸರುಗಳನ್ನು ಬದಲಿಸಿದಳು. ಎರಡು ವರ್ಷ ಕೂತು ಬಿಡಿಸಿದಳು. ಮೊದಲ ಭಾಗದಲ್ಲಿ ಎಳೆಯ ತಾಯಿ, ಸೊಂಟದ ಮೇಲೆ ಮಗು, ತಲೆಯ ಮೇಲೆ ಮಲಾರ. ಎರಡನೆಯದರಲ್ಲಿ ತಾಯಿ ಮಗುವನ್ನು ತಂಗಿಯ ಹೊಸ್ತಿಲಲ್ಲಿ ಇಳಿಸಿ, ಅದು ಕೂಗಿದರೂ ತಿರುಗಿ ನೋಡದೆ ನಡೆಯುತ್ತಾಳೆ. ಮೂರನೆಯದರಲ್ಲಿ ಆಸ್ಪತ್ರೆ, ಕೆಮ್ಮು, ಆಣೆ.

ಚಿತ್ರ ಮುಗಿದಾಗ ಬಸವೇಶ, ಇಂಟರ್ನೆಟ್ಟಿನಲ್ಲಿ ತಾನು ತೆರೆದ ಚಾನೆಲ್ಲಿನಲ್ಲಿ ಭಾಗಭಾಗವಾಗಿ ಬಿಡೋಣ ಎಂದ. ಹೊಸ ಚಾನೆಲ್ಲು, ಇಷ್ಟುದ್ದದ ಚಿತ್ರವನ್ನು ಯಾರೂ ಕೂತು ನೋಡುವುದಿಲ್ಲ. ಮಗು ಕೂಗುವಲ್ಲಿಗೆ ನಿಲ್ಲಿಸಿದರೆ ಮುಂದೇನಾಯಿತೆಂದು ಜನ ತಾವೇ ಕೇಳಿಕೊಂಡು ಬರುತ್ತಾರೆ ಎಂಬುದು ಅವನ ಲೆಕ್ಕ. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನೀಲಾಂಬಿಕಾಳಿಗೂ ಅನಿಸಲಿಲ್ಲ. ತಾನು ಬಿಡಿಸಿದ್ದನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಅವಳಿಗೂ ಇತ್ತು. ಆದರೆ ಮುದುಕಿಗೆ ಕೊಟ್ಟ ಮಾತಿತ್ತು. ಕಡೆಗೆ ಇಬ್ಬರೂ ಒಪ್ಪಿದರು. ರಂಜಾನ್ ಹಬ್ಬಕ್ಕೆ ಅಫ್ಸಾನಾ ಸವಣೂರಿಗೆ ಬಂದಾಗ ಅವಳಿಗೆ ಇಡಿಯಾಗಿ ತೋರಿಸುವುದು, ಮರುದಿನ ಇಡಿಯಾಗಿಯೇ ಬಿಡುವುದು. "ಆತು ಬಿಡು, ನೀ ಹೇಳಿದಂಗ," ಎಂದ ಬಸವೇಶ.

ಹಬ್ಬ ಇನ್ನೂ ದೂರವಿತ್ತು. ಒಂದು ಬೆಳಿಗ್ಗೆ ಬಟ್ಟೆ ತಂದುಕೊಟ್ಟ ಹೊಲಿಗೆಯವಳು, ನಿನ್ನ ಚಿತ್ರ ನೋಡಿದೆ, ಆ ತಾಯಿ ಎಂಥಾ ಕಲ್ಲೆದೆಯವಳು ಎಂದಳು. ನೀಲಾಂಬಿಕಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಫೋನು ತೆಗೆದು ನೋಡಿದರೆ ಮೊದಲ ಎರಡು ಭಾಗಗಳು ಬಸವೇಶನ ಚಾನೆಲ್ಲಿನಲ್ಲಿದ್ದವು. ಕೆಳಗೆ ಜನ ಸಾಲುಸಾಲಾಗಿ ಆ ತಾಯಿಯನ್ನು ಬೈದಿದ್ದರು. ಮರಿಯಮಬಿಯಿಂದ ಬಳೆ ತೊಟ್ಟ ಹೆಂಗಸರಿಗೆಲ್ಲ ಪರಿಚಿತವಾದ ದನಿ ಅದು. ಹೆಸರು ಬದಲಿಸಿದ್ದು ಯಾವ ಕೆಲಸಕ್ಕೂ ಬಂದಿರಲಿಲ್ಲ.

ಅವಳು ಮುಂದಿನ ಬಸ್ಸಿಗೇ ಹಾನಗಲ್ಲಿಗೆ ಹೋದಳು. ಬಸವೇಶ ಖುಷಿಯಲ್ಲಿದ್ದ, ಅವಳಿಗೆ ಚಹಾ ಹೇಳಿದ. ಎಷ್ಟು ಜನ ನೋಡುತ್ತಿದ್ದಾರೆ ಎಂದು ತೋರಿಸಲು ಬಂದ. ಈಗಲೇ ಮೂರನೆಯದನ್ನೂ ಹಾಕು, ಇಲ್ಲವೇ ಎರಡನ್ನೂ ತೆಗೆ ಎಂದಳು. ಈಗ ಹಾಕಿದರೆ ಕುತೂಹಲ ಸತ್ತುಹೋಗುತ್ತದೆ, ಇನ್ನೊಂದಿಷ್ಟು ದಿನ ತಡೆ ಎಂದ.

"ನೀ ನನಗ ಮಾತು ಕೊಟ್ಟಿದ್ದಿ, ಬಸವೇಶ."

"ನಿನ್ನ ಸಲುವಾಗೇ ಮಾಡೇನಿ," ಎಂದ ಅವನು. "ಆ ಮುದುಕಿ ಮಾತು ಹಿಡಕೊಂಡು ಕುಂತರ ನಿನ್ನ ಹೆಸರು ಈ ಕೋಣೀ ದಾಟೂದಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ತಾನು ಒಳ್ಳೆಯದನ್ನೇ ಮಾಡಿದ್ದೇನೆ ಎಂದು ನಂಬಿದ್ದ. ಅವಳನ್ನು ಹೆಚ್ಚು ಸುಟ್ಟದ್ದು ಅದೇ. ಜಗಳಕ್ಕೆ ನಿಂತವನ ಜೊತೆ ಜಗಳವಾಡಬಹುದಿತ್ತು. ಚಹಾ ಮುಟ್ಟದೆ, ತನ್ನ ಚಿತ್ರಗಳಿದ್ದ ಡಿಸ್ಕು ತೆಗೆದುಕೊಂಡು ಹೊರಬಿದ್ದಳು.

ಅಫ್ಸಾನಾ ಆಗಲೇ ನೋಡಿಯಾಗಿತ್ತು. ಯಾರದೋ ಮದುವೆ ಮನೆಯಲ್ಲಿ ಹೆಂಗಸರು ಫೋನು ಕೈಯಿಂದ ಕೈಗೆ ದಾಟಿಸಿದಾಗ ತಾಯಿಯ ದನಿ ಕೇಳಿ ಗುರುತು ಹಿಡಿದಿದ್ದಳು. ಅಂದಿನಿಂದ ತಾಯಿಯ ಫೋನು ಎತ್ತುತ್ತಿರಲಿಲ್ಲ. ನೀಲಾಂಬಿಕಾ ಮೂರನೇ ಭಾಗವನ್ನು ಹಿಡಿದುಕೊಂಡು ಬಂಕಾಪುರಕ್ಕೆ ಹೋದಳು. ಇದೊಂದು ನೋಡಿದರೆ ಎಲ್ಲ ಸರಿಹೋಗುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಅಫ್ಸಾನಾ ಒಳಗೆ ಕರೆದಳು, ನೀರು ಕೊಟ್ಟಳು. ಇವಳು ಫೋನು ಮುಂದೆ ಹಿಡಿದಾಗ ಮಾತ್ರ ಕೈಯಿಂದ ಮೆಲ್ಲಗೆ ಸರಿಸಿದಳು.

"ಇದರಾಗ ಏನೈತಿ ಅನ್ನೂದು ನಿಮಗ ಗೊತ್ತೈತಿ?"

"ಗೊತ್ತೈತ್ರಿ. ನಾನ ಬಿಡಿಸೇನಿ."

"ಹಾನಗಲ್ಲಾಗಿನ ಆ ಸ್ಟುಡಿಯೋದಾವಗೂ ಗೊತ್ತೈತಿ?"

ನೀಲಾಂಬಿಕಾ ಹೌದೆಂದಳು.

"ನಲವತ್ತು ವರ್ಷ ನನಗ ಹೇಳದ್ದನ್ನ ನಮ್ಮವ್ವ ನಿಮಗ ಹೇಳ್ಯಾಳ," ಎಂದಳು ಅಫ್ಸಾನಾ. "ಪೂರಾ ತೋರಿಸಿದರೂ ಅಷ್ಟ, ತುಂಡು ಮಾಡಿ ತೋರಿಸಿದರೂ ಅಷ್ಟ. ನಾ ಎಲ್ಲಾರಿಗಿಂತ ಕಡೀಕ ಕೇಳಾಕಿ. ನೀವಿನ್ನು ಹೋಗ್ರಿ."

ನೀಲಾಂಬಿಕಾ ಅಲ್ಲಿಂದ ಸವಣೂರಿಗೆ ಹೋಗಿ ನಡೆದದ್ದನ್ನೆಲ್ಲ ಮರಿಯಮಬಿಗೆ ಹೇಳಿದಳು. ತಪ್ಪು ಬಸವೇಶನದು ಎಂದಳು. ಮುದುಕಿಗೆ ಬಸವೇಶ ಯಾರೆಂಬುದೇ ಸರಿಯಾಗಿ ಗೊತ್ತಿರಲಿಲ್ಲ. "ನಾ ನನ್ನ ಕತಿ ಕೊಟ್ಟಿದ್ದು ನಿನ್ನ ಕೈಯಾಗ," ಎಂದಷ್ಟೇ ಹೇಳಿ, ಮಲಾರ ಮೂಲೆಗಿಟ್ಟು, ಬುರ್ಖಾ ಹಾಕಿಕೊಂಡು ಬಂಕಾಪುರದ ಬಸ್ಸಿಗೆ ಹೊರಟಳು. ಜೊತೆಗೆ ಬರಲೇ ಎಂದದ್ದಕ್ಕೆ ಬೇಡವೆಂದು ತಲೆಯಾಡಿಸಿದಳು.

ಮೂರನೇ ಭಾಗವನ್ನು ತಾನೇ ಬೇರೆ ಕಡೆ ಬಿಟ್ಟು ಬೈದವರ ಬಾಯಿ ಮುಚ್ಚಿಸಬೇಕೆಂದು ನೀಲಾಂಬಿಕಾಳ ಕೈ ಎಷ್ಟೋ ಸಲ ತುಡಿಯಿತು. ಅಫ್ಸಾನಾ ನೋಡಲು ಒಲ್ಲೆನೆಂದದ್ದನ್ನು ಊರಿಗೆ ತೋರಿಸುವುದು ಹೇಗೆಂದು ಪ್ರತಿಸಲವೂ ಸುಮ್ಮನಾದಳು. ಬಸವೇಶ ಸುಮ್ಮನಿರಲಿಲ್ಲ. ಅವಳು ಡಿಸ್ಕು ಒಯ್ದಿದ್ದರಿಂದ, ಚಾನೆಲ್ಲಿನಲ್ಲಿ ಉಳಿದಿದ್ದ ಅವಳ ಚಿತ್ರಗಳನ್ನೇ ಎಐಗೆ ಉಣಿಸಿ ತನಗೆ ತೋಚಿದ ಮೂರನೇ ಭಾಗ ಮಾಡಿ ಹಾಕಿದ. ಅದರಲ್ಲಿ ತಾಯಿ ಮುದುಕಿಯಾಗಿ ಬಂದು ಮಗಳ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಾಳೆ. ಗೆರೆಗಳು ನೀಲಾಂಬಿಕಾಳವೇ, ಮುಖವೂ ಅವಳು ಬಿಡಿಸಿದ್ದೇ. ಮೊದಲೆರಡಕ್ಕಿಂತ ಹೆಚ್ಚು ಜನ ಅದನ್ನು ಮೆಚ್ಚಿಕೊಂಡರು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಲಿಸಿಕೊಟ್ಟವನೇ ತನ್ನ ಕೈಯನ್ನು ಕಡಿದು ಒಯ್ದು ಬೇರೆ ಕೆಲಸಕ್ಕೆ ಹಚ್ಚಿದ ಹಾಗೆ ಅವಳಿಗೆ ಅನಿಸಿತು. ಅವನ ಫೋನು ಆಮೇಲೆ ಎತ್ತಲಿಲ್ಲ.

ರಂಜಾನ್ ಕಳೆದ ಮೇಲೆ ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ ಮರಿಯಮಬಿ ಎದುರಾದಳು. ಬಂಕಾಪುರದಿಂದ ಈಗಷ್ಟೇ ಇಳಿದಿದ್ದಳು. ಮಗಳು ಏನೆಂದಳು ಎಂದು ನೀಲಾಂಬಿಕಾ ಕೇಳಿದಳು.

"ನಾನ ಎಲ್ಲಾ ಹೇಳಿದೆ, ಕುಂತು ಕೇಳಿದ್ಲು. ಮತ್ತ ಬಾ ಅಂದಾಳ," ಎಂದಳು ಮುದುಕಿ.

ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ನೀಲಾಂಬಿಕಾ ನಿಂತಳು. ಮರಿಯಮಬಿ ಬುರ್ಖಾ ಸರಿಮಾಡಿಕೊಂಡು ತನ್ನ ಓಣಿಯ ಕಡೆಗೆ ನಡೆದಳು. ಹತ್ತಿಮತ್ತೂರಿಗೆ ಈಗಲೂ ಬಳೆ ಮಾರಲು ಬರುತ್ತಾಳೆ, ನೀಲಾಂಬಿಕಾಳ ಮನೆಗೂ ಬರುತ್ತಾಳೆ. ಕೈ ಹಿಡಿದು ಬಳೆ ತೊಡಿಸುತ್ತಾಳೆ, ಮಾತು ಮಾತ್ರ ಆಡುವುದಿಲ್ಲ.